ಇ-ಕೆವೈಸಿ: ಯಂತ್ರ ‘ಸರಿ’ ಎನ್ನುವುದು ಯಾವ ಲೆಕ್ಕದಲ್ಲಿ?

ಬೆಂಗಳೂರು: ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯಲ್ಲಿ ಬಾಡಿಗೆ ಮನೆಯಲ್ಲಿರುವ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳಿ. ತವರು ಮಂಡ್ಯ ಜಿಲ್ಲೆ. ಆಧಾರ್‌ನಲ್ಲಿ ಅವರ ಹೆಸರು ‘ಲಕ್ಷ್ಮಿ ಕೆ.ಆರ್.’ ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರೂ ಸೇರಿಕೊಂಡು ‘ಲಕ್ಷ್ಮಿ ರಾಮೇಗೌಡ.’ ಸಾಲದ್ದಕ್ಕೆ, ಇಂಗ್ಲಿಷಿನಲ್ಲಿ ‘ಲಕ್ಷ್ಮಿ’ ಎಂದು ಬರೆಯುವಾಗ ಒಂದು ದಾಖಲೆಯಲ್ಲಿ ಕೆ-ಎಸ್-ಎಚ್ ಎಂಬ ಮೂರು ಅಕ್ಷರಗಳು ಬಂದಿವೆ. ಇನ್ನೊಂದರಲ್ಲಿ ಆ ಮೂರರ ಜಾಗದಲ್ಲಿ ಎಕ್ಸ್ ಒಂದೇ ಇದೆ. ಮೊಬೈಲಿನಲ್ಲೇ ಬ್ಯಾಂಕ್ ಖಾತೆ ತೆರೆಯಬಹುದೆಂದು ಕೇಳಿ ಅವರು ಅರ್ಜಿ ತುಂಬುತ್ತಾರೆ, ಒಟಿಪಿ ಒತ್ತುತ್ತಾರೆ, ಸೆಲ್ಫಿ ತೆಗೆಯುತ್ತಾರೆ. ಕೊನೆಗೆ ಪರದೆಯ ಮೇಲೆ ಮೂಡುವುದು ಒಂದೇ ಸಾಲು: ‘ನಿಮ್ಮ ವಿವರಗಳು ತಾಳೆಯಾಗಲಿಲ್ಲ.’ ಏಕೆ ಎಂಬುದಕ್ಕೆ ಉತ್ತರವಿಲ್ಲ. ಅದೇ ಕಟ್ಟಡದ ಮೇಲಿನ ಮಹಡಿಯ ಯುವಕನ ಖಾತೆಯಾದರೋ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ತೆರೆದಿರುತ್ತದೆ.

ಈ ಇಬ್ಬರ ಕುರಿತು ತೀರ್ಮಾನ ಕೈಗೊಂಡದ್ದು ಒಂದೇ ಸಾಫ್ಟ್‌ವೇರ್. ಆದರೆ ಅದು ತನ್ನಷ್ಟಕ್ಕೆ ತಾನೇ ಏನನ್ನೂ ನಿರ್ಧರಿಸಿಲ್ಲ. ಎಂತಹ ಅರ್ಜಿಗೆ ಮನುಷ್ಯರ ಕಣ್ಣಿಗೆ ಬೀಳದೆಯೇ ಒಪ್ಪಿಗೆ ಸಿಗಬೇಕು, ಎಂತಹದನ್ನು ತಡೆಹಿಡಿಯಬೇಕು, ಎಂತಹದನ್ನು ಹಿಂದಕ್ಕೆ ಕಳುಹಿಸಬೇಕು ಎಂಬುದನ್ನು ಯಾರೋ ಮುಂಚಿತವಾಗಿ ಬರೆದಿಟ್ಟಿದ್ದಾರೆ. ‘ಸ್ವಯಂಚಾಲಿತ ಅನುಮೋದನೆಯ ನಿಯಮಗಳು’ ಎಂದು ಕರೆಯಲಾಗುವ ಈ ಬರಹವೇ ಇಂದು ಬ್ಯಾಂಕಿನ ಬಾಗಿಲಲ್ಲಿ ನಿಂತಿರುವ ದ್ವಾರಪಾಲಕ. ಅದು ಕೆಲಸ ಮಾಡುವುದು ಹೇಗೆ, ಕಾನೂನು ಅದಕ್ಕೆ ಎಳೆದಿರುವ ಗೆರೆ ಯಾವುದು, ತಪ್ಪಾದರೆ ಗ್ರಾಹಕನಿಗೆ ದಾರಿ ಯಾವುದು ಎಂಬುದರ ವಿವರ ಇಲ್ಲಿದೆ.

ಪರಿಚಯಸ್ಥರ ಸಹಿಯಿಂದ ಸೆಲ್ಫಿಯವರೆಗೆ

ಹಿಂದೆ ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೆ ಅದೇ ಶಾಖೆಯಲ್ಲಿ ಖಾತೆಯಿದ್ದ ಪರಿಚಯಸ್ಥರೊಬ್ಬರ ಸಹಿ ಬೇಕಿತ್ತು. ‘ನಿಮ್ಮ ಗ್ರಾಹಕರನ್ನು ಅರಿಯಿರಿ’ ಅರ್ಥಾತ್ ಕೆವೈಸಿ ಕುರಿತು ರಿಸರ್ವ್ ಬ್ಯಾಂಕ್ 2002ರಲ್ಲಿ ಬ್ಯಾಂಕುಗಳಿಗೆ ಮಾರ್ಗಸೂಚಿ ನೀಡಿತು. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯು 2005ರ ಜುಲೈ 1ರಂದು ಜಾರಿಗೆ ಬಂದ ಬಳಿಕ ಗುರುತಿನ ಪರಿಶೀಲನೆ ಕಾನೂನಿನ ಕಟ್ಟಳೆಯೇ ಆಯಿತು. ಚದುರಿದ್ದ ಸೂಚನೆಗಳನ್ನೆಲ್ಲ ಒಗ್ಗೂಡಿಸಿ ರಿಸರ್ವ್ ಬ್ಯಾಂಕ್ 2016ರ ಫೆಬ್ರುವರಿ 25ರಂದು ಸಮಗ್ರ ನಿರ್ದೇಶನ ಹೊರಡಿಸಿತು. 2025ರ ನವೆಂಬರ್‌ನಲ್ಲಿ ಅದನ್ನು ವಾಣಿಜ್ಯ ಬ್ಯಾಂಕು, ಬ್ಯಾಂಕೇತರ ಹಣಕಾಸು ಸಂಸ್ಥೆ ಮೊದಲಾಗಿ ಸಂಸ್ಥೆಗಳ ವರ್ಗಕ್ಕೆ ಅನುಗುಣವಾಗಿ ಬಿಡಿಬಿಡಿಯಾಗಿ ಮರುಪ್ರಕಟಿಸಲಾಗಿದೆ.

ಈ ನಡುವೆ ಬಂದದ್ದು ಆಧಾರ್. 2009ರಲ್ಲಿ ವಿಶಿಷ್ಟ ಗುರುತಿನ ಪ್ರಾಧಿಕಾರ ಸ್ಥಾಪನೆಯಾಗಿ, 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ಟೆಂಭಳಿ ಗ್ರಾಮದಲ್ಲಿ ಮೊದಲ ಸಂಖ್ಯೆಯನ್ನು ನೀಡಲಾಯಿತು. ಇದರ ಬಳಕೆಗೆ ಮಿತಿ ಇರಬೇಕೆಂದು ಸುಪ್ರೀಂ ಕೋರ್ಟಿನ ಮೊರೆಹೊಕ್ಕವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನವು ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ್ದು ಅವರ ಅರ್ಜಿಯ ಮೇಲೆಯೇ. ಅದೇ ಪ್ರಕರಣದಲ್ಲಿ 2018ರ ಸೆಪ್ಟೆಂಬರ್ 26ರ ತೀರ್ಪು ಖಾಸಗಿ ಸಂಸ್ಥೆಗಳು ಆಧಾರ್ ದೃಢೀಕರಣ ಬಳಸುವುದಕ್ಕೆ ತಡೆ ಹಾಕಿತು. 2019ರ ತಿದ್ದುಪಡಿ ಕಾಯ್ದೆಯು, ಗ್ರಾಹಕರು ಸ್ವಇಚ್ಛೆಯಿಂದ ಒಪ್ಪಿದರೆ ಬ್ಯಾಂಕು ಮತ್ತು ದೂರಸಂಪರ್ಕ ಕಂಪನಿಗಳು ಅದನ್ನು ಬಳಸಬಹುದೆಂದು ಮತ್ತೆ ದಾರಿ ಮಾಡಿಕೊಟ್ಟಿತು. 2020ರ ಜನವರಿ 9ರಂದು ರಿಸರ್ವ್ ಬ್ಯಾಂಕ್ ವಿಡಿಯೊ ಮೂಲಕ ಗುರುತು ಪರಿಶೀಲನೆಗೆ ಅನುಮತಿ ನೀಡಿತು. ಕೆಲವೇ ವಾರಗಳಲ್ಲಿ ಕೋವಿಡ್ ಲಾಕ್‌ಡೌನ್ ಬಂದು, ಶಾಖೆಗೆ ಹೋಗದೆ ಖಾತೆ ತೆರೆಯುವುದು ಅನುಕೂಲವಷ್ಟೇ ಆಗಿರದೆ ಅನಿವಾರ್ಯವೂ ಆಯಿತು.

ಒಂದು ಅರ್ಜಿಯ ಪಯಣ

ಅರ್ಜಿ ಸಲ್ಲಿಕೆಯಾದ ಕ್ಷಣದಿಂದ ಯಂತ್ರದ ಮುಂದೆ ಹಲವು ಪ್ರಶ್ನೆಗಳು ಸಾಲುಗಟ್ಟುತ್ತವೆ. ಪ್ಯಾನ್ ಸಂಖ್ಯೆ ನಿಜವೇ, ಚಾಲ್ತಿಯಲ್ಲಿದೆಯೇ? ಆಧಾರ್‌ನಿಂದ ಬಂದ ಹೆಸರು, ಹುಟ್ಟಿದ ದಿನ ಪ್ಯಾನಿನ ವಿವರಕ್ಕೆ ಹೊಂದುತ್ತವೆಯೇ? ಆಧಾರ್‌ನ ಚಿತ್ರವೂ ಈಗ ತೆಗೆದ ಸೆಲ್ಫಿಯೂ ಒಬ್ಬರದ್ದೇ? ಕ್ಯಾಮೆರಾದ ಮುಂದಿರುವುದು ಜೀವಂತ ವ್ಯಕ್ತಿಯೋ, ಒಂದು ಛಾಯಾಚಿತ್ರವೋ? ಅರ್ಜಿದಾರ ಈಗ ಭಾರತದೊಳಗೆ ಇದ್ದಾನೆಯೇ? ಇದೇ ಮೊಬೈಲಿನಿಂದ ಈ ವಾರ ಬೇರೆ ಹೆಸರುಗಳಲ್ಲಿ ಎಷ್ಟು ಅರ್ಜಿಗಳು ಬಂದಿವೆ? ಬ್ಯಾಂಕ್ ಖಾತೆಯ ಸಂಖ್ಯೆ ಕೊಟ್ಟಿದ್ದರೆ, ಅದಕ್ಕೆ ಒಂದು ರೂಪಾಯಿ ಹಾಕಿ ನೋಡಿದಾಗ ಮರಳಿ ಬರುವ ಖಾತೆದಾರರ ಹೆಸರು ಇವರದ್ದೇ?

ಇವುಗಳಲ್ಲಿ ಕೆಲವಕ್ಕೆ ‘ಹೌದು’ ಅಥವಾ ‘ಇಲ್ಲ’ ಎಂಬ ಖಚಿತ ಉತ್ತರವಿರುತ್ತದೆ. ಪ್ಯಾನ್ ನಕಲಿಯಾಗಿದ್ದರೆ ಅಲ್ಲಿಗೆ ಮಾತು ಮುಗಿಯಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಭಯೋತ್ಪಾದಕರ ಪಟ್ಟಿಯಲ್ಲಿರುವ ಹೆಸರಿಗೆ ಹೋಲಿಕೆ ಕಂಡುಬಂದರೆ ಯಂತ್ರ ತಾನಾಗಿ ಮುಂದುವರಿಯುವಂತಿಲ್ಲ. ವಿದೇಶವೊಂದರಲ್ಲಿ ಉನ್ನತ ರಾಜಕೀಯ ಹುದ್ದೆ ಹೊಂದಿದವರ ಖಾತೆಗೆ ಹಿರಿಯ ಅಧಿಕಾರಿಯ ಒಪ್ಪಿಗೆಯೇ ಬೇಕೆಂದು ನಿಯಮವಿರುವುದರಿಂದ ಅಲ್ಲಿಯೂ ಸ್ವಯಂ ಅನುಮೋದನೆಗೆ ಎಡೆಯಿಲ್ಲ.

ಉಳಿದ ಪ್ರಶ್ನೆಗಳಿಗೆ ಯಂತ್ರ ಕೊಡುವುದು ಅಂಕವನ್ನು. ಹೆಸರು ಇಷ್ಟು ಹೋಲುತ್ತದೆ, ಮುಖ ಇಷ್ಟು ಹೋಲುತ್ತದೆ ಎಂದು ನೂರಕ್ಕೆ ಇಷ್ಟೆಂಬ ಲೆಕ್ಕ. ಎಷ್ಟು ಅಂಕ ಬಂದರೆ ‘ಪಾಸು’ ಎಂಬುದನ್ನು ಮಾತ್ರ ಯಂತ್ರ ಹೇಳದು. ಅದನ್ನು ಹೇಳಬೇಕಾದವರು ನಿಯಮ ಬರೆಯುವವರು.

ಜರಡಿಯ ಕಣ್ಣು ಎಷ್ಟು ಅಗಲ?

ಅಕ್ಕಿ ಜರಡಿ ಹಿಡಿಯುವ ಯಾರಿಗೂ ಈ ಸಮಸ್ಯೆ ಹೊಸದಲ್ಲ. ಜರಡಿಯ ಕಣ್ಣು ಅಗಲವಾದರೆ ಅಕ್ಕಿಯ ಜೊತೆ ಕಲ್ಲೂ ಕೆಳಗಿಳಿಯುತ್ತದೆ; ಕಿರಿದಾದರೆ ಕಲ್ಲಿನ ಜೊತೆ ಅಕ್ಕಿಯೂ ಮೇಲೆಯೇ ಉಳಿಯುತ್ತದೆ.

ವಿವರಣೆಗಾಗಿ ಒಂದು ಕಲ್ಪಿತ ಲೆಕ್ಕ ನೋಡೋಣ. ಸಾವಿರ ಅರ್ಜಿ ಬಂದಿವೆ. 990 ಜನ ನಿಜವಾದವರು, 10 ಜನ ಮೋಸಗಾರರು. ಪಾಸು ಅಂಕವನ್ನು 70ಕ್ಕೆ ಇಟ್ಟರೆ 960 ನಿಜವಾದವರು ಒಳಬರುತ್ತಾರೆ. ನಾಲ್ವರು ಮೋಸಗಾರರೂ ನುಸುಳುತ್ತಾರೆ ಎಂದುಕೊಳ್ಳಿ. ಗಾಬರಿಗೊಂಡ ಸಂಸ್ಥೆ ಅದನ್ನು 90ಕ್ಕೆ ಏರಿಸುತ್ತದೆ. ಈಗ ನುಸುಳುವ ಮೋಸಗಾರ ಒಬ್ಬನೇ. ಆದರೆ ಒಳಬರುವ ನಿಜವಾದವರು 700 ಮಾತ್ರ. ಮೂವರು ಮೋಸಗಾರರನ್ನು ಹೆಚ್ಚಾಗಿ ತಡೆಯಲು 260 ಜನ ಪ್ರಾಮಾಣಿಕರನ್ನು ಹೊಸದಾಗಿ ಹೊರಗೆ ನಿಲ್ಲಿಸಿದಂತಾಯಿತು.

ಈ ಇಕ್ಕಟ್ಟಿಗೆ ಪರಿಹಾರ ಇನ್ನೂ ಒಳ್ಳೆಯ ಒಂದು ಅಂಕವನ್ನು ಹುಡುಕುವುದಲ್ಲ, ಎರಡು ಗೆರೆ ಎಳೆಯುವುದು. ಮೇಲಿನ ಗೆರೆ ದಾಟಿದವರಿಗೆ ತಕ್ಷಣ ಒಪ್ಪಿಗೆ. ಎರಡು ಗೆರೆಗಳ ನಡುವೆ ಬಿದ್ದವರ ಅರ್ಜಿ ಒಬ್ಬ ಅಧಿಕಾರಿಯ ಮೇಜಿಗೆ. ಕೆಳಗಿನ ಗೆರೆಗಿಂತ ಕೆಳಗೆ ಬಿದ್ದವರಿಗೆ ಮತ್ತೊಮ್ಮೆ ಪ್ರಯತ್ನಿಸಲು ಅಥವಾ ಬೇರೆ ದಾಖಲೆ ನೀಡಲು ಅವಕಾಶ. ಸ್ವಯಂ ಅನುಮೋದನೆಯ ವ್ಯವಸ್ಥೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ನಡುವಿನ ಆ ಮೇಜಿನ ಮೇಲೆ ನಿಂತಿದೆ. ಅಲ್ಲಿ ಕೂರಿಸಲು ಜನ ಬೇಕು, ಜನರಿಗೆ ಸಂಬಳ ಬೇಕು. ಖರ್ಚು ಉಳಿಸಲು ಹೊರಟ ಸಂಸ್ಥೆ ಮೊದಲು ಕಿತ್ತುಹಾಕುವುದು ಆ ಮೇಜನ್ನೇ.

ಕನ್ನಡದ ಹೆಸರು, ಇಂಗ್ಲಿಷ್ ಲೆಕ್ಕ

ನಡುವಿನ ಮೇಜಿಗೆ ಬರುವ ಅರ್ಜಿಗಳಲ್ಲಿ ಹೆಸರಿನ ತೊಡಕಿನವು ಬೇರೆಯೇ ಒಂದು ರಾಶಿ. ಕರ್ನಾಟಕದಲ್ಲಿ ಹೆಸರಿಡುವ ಪದ್ಧತಿ ಒಂದೇ ಆಗಿಲ್ಲ. ಹಳೆ ಮೈಸೂರು ಸೀಮೆಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಇನಿಷಿಯಲ್ಲುಗಳಾಗಿ ಸೇರುತ್ತವೆ. ಬೆಳಗಾವಿ, ಧಾರವಾಡದ ಕಡೆ ಮನೆತನದ ಹೆಸರು ಕೊನೆಯಲ್ಲಿ ನಿಲ್ಲುತ್ತದೆ. ಮುಸ್ಲಿಮರಲ್ಲಿ ‘ಮೊಹಮ್ಮದ್’ ಎಂಬುದು ಒಂದು ದಾಖಲೆಯಲ್ಲಿ ಪೂರ್ತಿಯಾಗಿ, ಇನ್ನೊಂದರಲ್ಲಿ ಎಂ-ಡಿ ಎಂಬ ಎರಡೇ ಅಕ್ಷರವಾಗಿ ಇರುವುದುಂಟು. ಮದುವೆಯ ಬಳಿಕ ಕೆಲವು ಹೆಣ್ಣುಮಕ್ಕಳ ತಂದೆಯ ಹೆಸರು ಹೋಗಿ ಗಂಡನ ಹೆಸರು ಬರುತ್ತದೆ, ಅದೂ ಎಲ್ಲ ದಾಖಲೆಗಳಲ್ಲಿ ಅಲ್ಲ. ಆಧಾರ್‌ನಲ್ಲಿ ಇನಿಷಿಯಲ್ ನಡೆಯುತ್ತದೆ. ಪ್ಯಾನ್ ಅರ್ಜಿಯಲ್ಲಿ ಮೊದಲ ಹೆಸರು ಮತ್ತು ಕೊನೆಯ ಹೆಸರಿನ ಅಂಕಣಗಳಲ್ಲಿ ಇನಿಷಿಯಲ್ ಕೂಡದೆಂಬ ಸೂಚನೆ ಬಹುಕಾಲದಿಂದ ಇದೆ. ಒಬ್ಬರೇ ವ್ಯಕ್ತಿಗೆ ಎರಡು ಹೆಸರು ಹುಟ್ಟಿಕೊಳ್ಳುವುದು ಹೀಗೆ. ತಪ್ಪು ಅವರದ್ದಲ್ಲ.

ಯಂತ್ರ ಹೆಸರುಗಳನ್ನು ಹೋಲಿಸುವ ಹಳೆಯ ವಿಧಾನವೊಂದು ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಮಂಡಿಸಿದ್ದು. ಒಂದು ಪದವನ್ನು ಇನ್ನೊಂದಾಗಿಸಲು ಕನಿಷ್ಠ ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಎಣಿಸುವುದು. ಇಂಗ್ಲಿಷಿನಲ್ಲಿ ಬರೆದ ‘ಲಕ್ಷ್ಮಿ’ಯ ಎರಡು ರೂಪಗಳನ್ನು ಇದಕ್ಕೆ ಕೊಟ್ಟು ನೋಡಿ. ಕೆ-ಎಸ್-ಎಚ್ ಇರುವ ಏಳಕ್ಷರದ ರೂಪವನ್ನು ಎಕ್ಸ್ ಇರುವ ಐದಕ್ಷರದ ರೂಪವಾಗಿಸಲು ಮೂರು ಬದಲಾವಣೆ ಬೇಕು. ಏಳರಲ್ಲಿ ಮೂರು ಹೋದರೆ ಹೋಲಿಕೆ ಶೇ 57 ಮಾತ್ರ. ಇನ್ನು ‘ರಮೇಶ್’ ಮತ್ತು ‘ರಾಜೇಶ್’: ಇಂಗ್ಲಿಷಿನಲ್ಲಿ ಆರಾರು ಅಕ್ಷರ, ಎಂ ಜಾಗದಲ್ಲಿ ಜೆ ಬಂದರೆ ಆಯಿತು. ಬದಲಾವಣೆ ಒಂದೇ, ಹೋಲಿಕೆ ಶೇ 83. ಪಾಸು ಅಂಕವನ್ನು 80ಕ್ಕೆ ಇಟ್ಟ ಸಂಸ್ಥೆಯ ಯಂತ್ರ, ಹೆಸರಿನ ಮಟ್ಟಿಗೆ ರಮೇಶನನ್ನು ರಾಜೇಶನೆಂದು ಒಪ್ಪಿಕೊಂಡು, ಲಕ್ಷ್ಮಿಯನ್ನು ‘ನೀವು ಲಕ್ಷ್ಮಿಯಲ್ಲ’ ಎಂದು ಹೊರಗೆ ಕಳುಹಿಸುತ್ತದೆ!

ಉಚ್ಚಾರದ ಆಧಾರದಲ್ಲಿ ಹೋಲಿಸಿದರೆ ಹೇಗೆ? ಅದಕ್ಕೂ ಒಂದು ವಿಧಾನವಿದೆ. ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಪೇಟೆಂಟ್ ಪಡೆದ ‘ಸೌಂಡೆಕ್ಸ್.’ ಸದ್ದಿನಲ್ಲಿ ಹತ್ತಿರವಿರುವ ವ್ಯಂಜನಗಳಿಗೆ ಒಂದೇ ಅಂಕೆ ಕೊಟ್ಟು ಹೆಸರನ್ನು ಸಂಕೇತವಾಗಿಸುವ ಈ ವಿಧಾನದಲ್ಲಿ ಲಕ್ಷ್ಮಿಯ ಎರಡೂ ರೂಪಗಳಿಗೆ ಒಂದೇ ಸಂಕೇತ ಬರುತ್ತದೆ. ‘ಗೌಡ’ ಎಂಬುದನ್ನು ಡಬ್ಲ್ಯು ಹಾಕಿ ಬರೆದರೂ ಯು ಹಾಕಿ ಬರೆದರೂ ವ್ಯತ್ಯಾಸವಾಗದು. ಹಿಗ್ಗುವ ಮೊದಲು ಇನ್ನೊಂದನ್ನೂ ಗಮನಿಸಬೇಕು: ಇದೇ ವಿಧಾನದಲ್ಲಿ ‘ರಮೇಶ್’ ಮತ್ತು ‘ರಂಗ’ ಎಂಬ ಹೆಸರುಗಳಿಗೂ ಒಂದೇ ಸಂಕೇತ, ಆರ್-520. ಅಮೆರಿಕನ್ನರ ಹೆಸರುಗಳಿಗೆಂದು ಹೊಲಿದ ಅಂಗಿ ನಮ್ಮ ಮೈಗೆ ಕೂರುವುದಿಲ್ಲ.

ಆಧಾರ್‌ನಲ್ಲಿ ಕನ್ನಡಿಗರ ಹೆಸರು ಕನ್ನಡದಲ್ಲಿಯೂ ಇದೆ. ಕನ್ನಡದಲ್ಲಿ ‘ಲಕ್ಷ್ಮಿ’ ಎಂದು ಬರೆಯುವಾಗ ಇಷ್ಟೊಂದು ಗೊಂದಲವಿಲ್ಲ. ಆದರೆ ಪ್ಯಾನಿನಲ್ಲಿ ಕನ್ನಡವಿಲ್ಲದ ಕಾರಣ ಹೋಲಿಕೆ ಮತ್ತೆ ಇಂಗ್ಲಿಷಿಗೇ ಬಂದು ನಿಲ್ಲುತ್ತದೆ. ಹಾಗಾಗಿ ಜಾಣತನದ ನಿಯಮ ಹೆಸರೊಂದನ್ನೇ ನೆಚ್ಚಿಕೊಳ್ಳುವುದಿಲ್ಲ. ಇನಿಷಿಯಲ್ ‘ಆರ್’ ಎಂದಿದ್ದು ಇನ್ನೊಂದು ದಾಖಲೆಯಲ್ಲಿ ‘ರಾಮೇಗೌಡ’ ಎಂದಿದ್ದರೆ ಅದನ್ನು ವಿರೋಧವೆಂದು ಎಣಿಸುವುದಿಲ್ಲ. ಹುಟ್ಟಿದ ದಿನ ಮತ್ತು ಮುಖ ಎರಡೂ ಚೆನ್ನಾಗಿ ಹೊಂದಿದ್ದರೆ ಹೆಸರಿನ ಅಂಕ ಕಡಿಮೆ ಬಂದರೂ ಅರ್ಜಿಯನ್ನು ಅಧಿಕಾರಿಯ ಮೇಜಿಗೆ ಕಳುಹಿಸುತ್ತದೆ, ಕಸದ ಬುಟ್ಟಿಗಲ್ಲ.

ವಿಳಾಸದ್ದೂ ಇದೇ ಕಥೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ನಗರದೊಳಕ್ಕೆ ಬಂದ ಹಳ್ಳಿಗಳಲ್ಲಿ ಗೊಟ್ಟಿಗೆರೆಯೂ ಒಂದು. ಇಂತಹ ಕಡೆ ಹಳೆಯ ದಾಖಲೆಯಲ್ಲಿ ಸರ್ವೆ ನಂಬರು, ಹೋಬಳಿ, ಬೆಂಗಳೂರು ದಕ್ಷಿಣ ತಾಲ್ಲೂಕು. ಹೊಸದರಲ್ಲಿ ಬಡಾವಣೆ, ಅಡ್ಡರಸ್ತೆ, ಮನೆ ನಂಬರು. ಯಂತ್ರದ ಕಣ್ಣಿಗೆ ಇವು ಎರಡು ಬೇರೆ ಊರುಗಳು. ಬಾಡಿಗೆದಾರರ ಆಧಾರ್‌ನಲ್ಲಿಯಂತೂ ಸ್ವಂತ ಊರಿನ ವಿಳಾಸವೇ ಇರುವುದು ಸಾಮಾನ್ಯ. ಆಧಾರ್‌ನ ವಿಳಾಸಕ್ಕಿಂತ ಈಗಿನ ವಿಳಾಸ ಬೇರೆಯಾಗಿದ್ದರೆ ಗ್ರಾಹಕರ ಸ್ವಯಂ ಘೋಷಣೆ ಸಾಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದೆ. ನಿಯಮ ಬರೆಯುವವರು ಇದನ್ನು ಓದಿರಬೇಕಷ್ಟೆ.

ಕಣ್ಣು ಮಿಟುಕಿಸಲಾಗದವರು

ಮುಖದ ಹೋಲಿಕೆಯಲ್ಲಿ ಆಗುವ ತಪ್ಪು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಹಾಗೂ ತಂತ್ರಜ್ಞಾನ ಸಂಸ್ಥೆಯು 99 ತಯಾರಕರ 189 ತಂತ್ರಾಂಶಗಳನ್ನು ಪರೀಕ್ಷಿಸಿ 2019ರ ಡಿಸೆಂಬರ್‌ನಲ್ಲಿ ವರದಿ ಪ್ರಕಟಿಸಿತು. ಒಬ್ಬರನ್ನು ಇನ್ನೊಬ್ಬರೆಂದು ತಪ್ಪಾಗಿ ಒಪ್ಪಿಕೊಳ್ಳುವ ಪ್ರಮಾಣವು ಹಲವು ತಂತ್ರಾಂಶಗಳಲ್ಲಿ ಆಫ್ರಿಕಾ ಮತ್ತು ಏಷ್ಯಾ ಮೂಲದ ಮುಖಗಳಲ್ಲಿ ಹೆಚ್ಚಿದೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಿದೆ, ವೃದ್ಧರು ಮತ್ತು ಮಕ್ಕಳಲ್ಲಿಯೂ ಹೆಚ್ಚಿದೆ ಎಂಬುದು ಅದರ ಸಾರ. ಬೇರೆಲ್ಲೋ ತಯಾರಾದ ತಂತ್ರಾಂಶಕ್ಕೆ ತಯಾರಕರು ಸೂಚಿಸಿದ ಪಾಸು ಅಂಕವನ್ನು ಇಲ್ಲಿ ಹಾಗೆಯೇ ಇಟ್ಟುಕೊಳ್ಳುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಕಾರಣ ಬೇಡ.

ಕ್ಯಾಮೆರಾದ ಮುಂದಿರುವವರು ಜೀವಂತ ವ್ಯಕ್ತಿಯೆಂದು ಖಚಿತಪಡಿಸಿಕೊಳ್ಳಲು ‘ಕಣ್ಣು ಮಿಟುಕಿಸಿ’ ಎಂದು ಕೇಳುವ ರೂಢಿಯಿದೆ. ಆ್ಯಸಿಡ್ ದಾಳಿಯಲ್ಲಿ ಕಣ್ಣಿನ ರೆಪ್ಪೆ ಕಳೆದುಕೊಂಡವರು ಮಿಟುಕಿಸುವುದು ಹೇಗೆ? ದೃಷ್ಟಿಯಿಲ್ಲದವರು ಪರದೆಯ ಚೌಕಟ್ಟಿನೊಳಗೆ ಮುಖ ಹಿಡಿಯುವುದು ಹೇಗೆ? ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠವು 2025ರ ಏಪ್ರಿಲ್ 30ರಂದು ತೀರ್ಪು ನೀಡಿ, ಡಿಜಿಟಲ್ ಸೇವೆಗಳ ಲಭ್ಯತೆಯು ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನ ಭಾಗವೆಂದು ಹೇಳಿತು. ಕೆವೈಸಿ ಪ್ರಕ್ರಿಯೆಯನ್ನು ಎಲ್ಲರಿಗೂ ನಿಲುಕುವಂತೆ ಮಾಡಲು 20 ನಿರ್ದೇಶನಗಳನ್ನೂ ನೀಡಿತು.

ಕಾನೂನು ಎಳೆದ ಗೆರೆ

ತೀರ್ಪಿನ ಬೆನ್ನಿಗೇ 2025ರ ಆಗಸ್ಟ್ 14ರಂದು ರಿಸರ್ವ್ ಬ್ಯಾಂಕ್ ತನ್ನ ಕೆವೈಸಿ ನಿರ್ದೇಶನವನ್ನು ತಿದ್ದಿತು. ವಿವೇಚನೆ ಬಳಸದೆ ಯಾವ ಅರ್ಜಿಯನ್ನೂ ತಿರಸ್ಕರಿಸುವಂತಿಲ್ಲ, ತಿರಸ್ಕಾರದ ಕಾರಣವನ್ನು ಸಂಬಂಧಪಟ್ಟ ಅಧಿಕಾರಿ ದಾಖಲಿಸಬೇಕು ಎಂಬುದು ಅದರ ಮುಖ್ಯಾಂಶ. ಜೀವಂತಿಕೆಯ ಪರೀಕ್ಷೆಯಿಂದಾಗಿ ವಿಶೇಷ ಅಗತ್ಯವುಳ್ಳವರು ಹೊರಗುಳಿಯುವಂತಾಗಬಾರದು ಎಂದೂ ಅದು ಹೇಳಿತು. ಒಪ್ಪಿಗೆಯ ಮಟ್ಟಿಗೆ ಯಂತ್ರದ ನೆರವು ಪಡೆಯಬಹುದು. ‘ಇಲ್ಲ’ ಎನ್ನುವ ಹೊಣೆ ಒಬ್ಬ ಅಧಿಕಾರಿಯದ್ದು. ಸ್ವಯಂ ಅನುಮೋದನೆಯ ನಿಯಮ ಬರೆಯುವ ಯಾರೇ ಆಗಲಿ ಮೊದಲು ಗೋಡೆಗೆ ಅಂಟಿಸಿಕೊಳ್ಳಬೇಕಾದ ಸಾಲು ಇದೇ ಎನ್ನಬಹುದು.

ಒಪ್ಪಿಗೆಗೂ ಮಿತಿಗಳಿವೆ. ಬ್ಯಾಂಕಿನ ವಿಡಿಯೊ ಕೆವೈಸಿಯಲ್ಲಿ ಮಾತನಾಡಬೇಕಾದವರು ತರಬೇತಿ ಪಡೆದ ಬ್ಯಾಂಕಿನದ್ದೇ ಅಧಿಕಾರಿ. ಮೊದಲೇ ಚಿತ್ರಿಸಿಟ್ಟ ವಿಡಿಯೊ ತೋರಿಸಿ ವಂಚಿಸದಂತೆ ಪ್ರಶ್ನೆಗಳ ಕ್ರಮವನ್ನು ಆಗಾಗ ಬದಲಿಸಬೇಕು. ಗ್ರಾಹಕರು ಇರುವ ಜಾಗ ದಾಖಲಾಗಬೇಕು. ಲೆಕ್ಕ ತಪಾಸಣೆ ನಡೆದ ಬಳಿಕವಷ್ಟೇ ಖಾತೆ ಚಾಲನೆಗೊಳ್ಳಬೇಕು. ಯಂತ್ರ ಎಷ್ಟೇ ಅಂಕ ಕೊಟ್ಟರೂ ಈ ಮೆಟ್ಟಿಲುಗಳನ್ನು ಹಾರುವಂತಿಲ್ಲ. ಆಧಾರ್ ಒಟಿಪಿ ಒಂದರಿಂದಲೇ, ಮುಖಾಮುಖಿಯಿಲ್ಲದೆ ತೆರೆಯುವ ಖಾತೆಯಲ್ಲಿ ಶಿಲ್ಕು 1 ಲಕ್ಷ ರೂಪಾಯಿ, ವರ್ಷದ ಒಟ್ಟು ಜಮೆ 2 ಲಕ್ಷ ರೂಪಾಯಿ ಮೀರಬಾರದು. ಒಂದು ವರ್ಷದೊಳಗೆ ಪೂರ್ಣ ಕೆವೈಸಿ ಆಗಬೇಕು.

ಷೇರು ಮಾರುಕಟ್ಟೆಯಲ್ಲಿ ದಾರಿ ಕೊಂಚ ಸಲೀಸು. ಅಲ್ಲಿನ ನಿಯಂತ್ರಕ ಸೆಬಿ 2020ರ ಏಪ್ರಿಲ್ 24ರ ಸುತ್ತೋಲೆಯಲ್ಲಿ, ಆಧಾರ್ ದೃಢೀಕರಣದ ಮೂಲಕ ಕೆವೈಸಿ ಮುಗಿದಿದ್ದರೆ ಅಥವಾ ದಾಖಲೆಗಳು ಡಿಜಿಲಾಕರ್‌ನಂತಹ ಆನ್‌ಲೈನಿನಲ್ಲಿ ಪರಿಶೀಲಿಸಬಹುದಾದ ಮೂಲದಿಂದ ಬಂದಿದ್ದರೆ, ಹೂಡಿಕೆದಾರರನ್ನು ಖುದ್ದಾಗಿ ಅಥವಾ ವಿಡಿಯೊದಲ್ಲಿ ನೋಡುವ ಅಗತ್ಯವಿಲ್ಲ ಎಂದಿತು. ಗೊಟ್ಟಿಗೆರೆಯಿಂದ ಕೆಲವೇ ಕಿಲೋಮೀಟರ್ ದೂರದ ಜೆ.ಪಿ. ನಗರ 4ನೇ ಹಂತದಲ್ಲಿ ಮುಖ್ಯ ಕಚೇರಿ ಹೊಂದಿರುವ, 2010ರಲ್ಲಿ ಆರಂಭವಾದ ಝೆರೋಧಾದಂತಹ ದಲ್ಲಾಳಿ ಸಂಸ್ಥೆಗಳು ಶಾಖೆಗಳ ಜಾಲವಿಲ್ಲದೆ ದೇಶದಾದ್ಯಂತ ಗ್ರಾಹಕರನ್ನು ಸೇರಿಸಿಕೊಳ್ಳಲು ಇಂತಹ ನಿಯಮಗಳೂ ನೆರವಾದವು.

ಹೊರದೇಶಗಳಲ್ಲೂ ಈ ಚರ್ಚೆ ಇದೆ. ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ಕಟ್ಟಳೆಯ 22ನೇ ವಿಧಿಯು, ತನ್ನ ಮೇಲೆ ಗಂಭೀರ ಪರಿಣಾಮ ಬೀರುವ ತೀರ್ಮಾನವನ್ನು ಯಂತ್ರವೊಂದೇ ಕೈಗೊಳ್ಳದಿರುವ ಹಕ್ಕನ್ನು ವ್ಯಕ್ತಿಗೆ ನೀಡುತ್ತದೆ. 2018ರ ಮೇ 25ರಿಂದ ಅದು ಜಾರಿಯಲ್ಲಿದೆ. ಜರ್ಮನಿ ವಿಡಿಯೊ ಗುರುತು ಪರಿಶೀಲನೆಗೆ 2014ರಲ್ಲೇ ಅವಕಾಶ ಕೊಟ್ಟಿತ್ತು. 2022ರ ಆಗಸ್ಟ್‌ನಲ್ಲಿ ಅಲ್ಲಿನ ಕೇಯಾಸ್ ಕಂಪ್ಯೂಟರ್ ಕ್ಲಬ್ ಎಂಬ ತಂತ್ರಜ್ಞರ ಸಂಘ ಅದನ್ನು ವಂಚಿಸಿ ತೋರಿಸಿದಾಗ ಆರೋಗ್ಯ ವಿಮಾ ಕ್ಷೇತ್ರದಲ್ಲಿ ಅದರ ಬಳಕೆಗೆ ತಡೆ ಬಿತ್ತು.

ಸಡಿಲವಾದರೂ ಕಷ್ಟವೇ

ಹಾಗೆಂದು ಎಲ್ಲರನ್ನೂ ಒಳಬಿಟ್ಟರೆ ಆಗುವ ಹಾನಿಯೂ ಚಿಕ್ಕದಲ್ಲ. ಸೈಬರ್ ವಂಚನೆಯ ಹಣ ಮೊದಲು ಹೋಗಿ ಬೀಳುವುದು ಇನ್ನೊಬ್ಬರ ಹೆಸರಿನ ಬಾಡಿಗೆ ಖಾತೆಗೆ. ಬ್ಯಾಂಕಿಂಗ್ ಭಾಷೆಯಲ್ಲಿ ಇವು ‘ಮ್ಯೂಲ್’ ಖಾತೆಗಳು, ಅಂದರೆ ಹೇಸರಗತ್ತೆಯ ಹಾಗೆ ಯಾರದ್ದೋ ಹೊರೆ ಹೊರುವಂತಹವು. ಇವುಗಳ ಪತ್ತೆಗಾಗಿ ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಷನ್ ಹಬ್ ‘ಮ್ಯೂಲ್‌ಹಂಟರ್’ ಎಂಬ ಕೃತಕ ಬುದ್ಧಿಮತ್ತೆಯ ಸಾಧನವನ್ನು ರೂಪಿಸಿದ್ದು, 2024ರ ಡಿಸೆಂಬರ್‌ನ ಹಣಕಾಸು ನೀತಿ ಪ್ರಕಟಣೆಯ ವೇಳೆ ಅದನ್ನು ಪರಿಚಯಿಸಲಾಯಿತು. ಮ್ಯೂಲ್ ಖಾತೆಯ ದಾಖಲೆಗಳು ನಕಲಿಯೇ ಆಗಿರಬೇಕಿಲ್ಲ. ಹಣದಾಸೆಗೆ ತನ್ನ ಅಸಲಿ ದಾಖಲೆ ಕೊಟ್ಟು, ತಾನೇ ಸೆಲ್ಫಿ ತೆಗೆದುಕೊಟ್ಟವನಿಗೆ ಯಂತ್ರ ಪೂರ್ಣಾಂಕವನ್ನೇ ಕೊಡುತ್ತದೆ. ಗುರುತು ಸರಿಯಿದೆ ಎಂದಮಾತ್ರಕ್ಕೆ ಉದ್ದೇಶವೂ ಸರಿಯಿದೆ ಎಂದಾಗದು. ಖಾತೆ ತೆರೆದ ಬಳಿಕದ ವ್ಯವಹಾರದ ಮೇಲೂ ಕಣ್ಣಿರಬೇಕಾದದ್ದು ಇದಕ್ಕೇ.

ಒಪ್ಪಿಗೆಯೇ ಇಲ್ಲದ ‘ಒಪ್ಪಿಗೆ’ಯ ಉದಾಹರಣೆಯೂ ಇದೆ. ಮೊಬೈಲ್ ಸಂಖ್ಯೆಗೆ ಆಧಾರ್ ಜೋಡಿಸಲು ಬಂದ ಗ್ರಾಹಕರ ಹೆಸರಿನಲ್ಲಿ ಅವರ ಸ್ಪಷ್ಟ ಸಮ್ಮತಿಯಿಲ್ಲದೆ ಪೇಮೆಂಟ್ಸ್ ಬ್ಯಾಂಕ್ ಖಾತೆಗಳನ್ನು ತೆರೆಯಲಾಗಿದೆ, ಅಡುಗೆ ಅನಿಲದ ಸಬ್ಸಿಡಿಯೂ ಅಲ್ಲಿಗೇ ಹೋಗುತ್ತಿದೆ ಎಂಬ ದೂರುಗಳ ಮೇಲೆ 2017ರ ಡಿಸೆಂಬರ್‌ನಲ್ಲಿ ಆಧಾರ್ ಪ್ರಾಧಿಕಾರವು ಏರ್‌ಟೆಲ್ ಮತ್ತು ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನ ಇ-ಕೆವೈಸಿ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. 2018ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಆ ಬ್ಯಾಂಕಿಗೆ 5 ಕೋಟಿ ರೂಪಾಯಿ ದಂಡ ವಿಧಿಸಿತು. ಒಂದು ಕೆಲಸಕ್ಕೆ ಪಡೆದ ಸಮ್ಮತಿಯನ್ನು ಇನ್ನೊಂದಕ್ಕೆ ಬಳಸುವ ನಿಯಮ ಎಷ್ಟೇ ಚುರುಕಾಗಿದ್ದರೂ ಅಕ್ರಮವೇ ಎಂಬುದು ಇಲ್ಲಿನ ಪಾಠ.

ನಿಯಮ ಬರೆಯುವ ಕ್ರಮ

ಇಷ್ಟೆಲ್ಲ ತಿಳಿದ ಮೇಲೆ ಒಳ್ಳೆಯ ನಿಯಮ ಬರೆಯುವುದು ಹೇಗೆ? ಮೊದಲು ಖಚಿತ ತಡೆಗಳು: ನಕಲಿ ಪ್ಯಾನ್, ನಿಷೇಧಿತರ ಪಟ್ಟಿ, ಅಪ್ರಾಪ್ತ ವಯಸ್ಸು. ಇವುಗಳನ್ನು ದಾಟದ ಅರ್ಜಿಗೆ ಅಂಕದ ಲೆಕ್ಕವೇ ಬೇಡ. ನಂತರ ಅಂಕಗಳು, ಅವೂ ಬಿಡಿಬಿಡಿಯಾಗಿ. ಹೆಸರಿಗೆ 60, ಮುಖಕ್ಕೆ 95 ಬಂದಾಗ ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಯಾವುದರಲ್ಲಿ ಕೊರತೆಯಿದೆ ಎಂಬುದೇ ಮರೆಯಾಗುತ್ತದೆ. ಪ್ರತಿಯೊಂದಕ್ಕೂ ಪ್ರತ್ಯೇಕ ಗೆರೆ, ಪ್ರತಿಯೊಂದು ತಡೆಗೂ ಪ್ರತ್ಯೇಕ ಕಾರಣ ದಾಖಲಾಗಬೇಕು. ‘ತಾಳೆಯಾಗಲಿಲ್ಲ’ ಎಂಬ ಒಂದೇ ಸಾಲಿನ ಬದಲು ‘ಪ್ಯಾನ್ ಮತ್ತು ಆಧಾರ್‌ನ ಹೆಸರಿನಲ್ಲಿ ವ್ಯತ್ಯಾಸವಿದೆ’ ಎಂದು ಗ್ರಾಹಕರಿಗೆ ಕನ್ನಡದಲ್ಲಿ ಹೇಳಲು ಸಾಧ್ಯವಾಗುವುದು ಆಗ ಮಾತ್ರ.

ಹೊಸ ನಿಯಮವನ್ನು ಚಾಲನೆಗೆ ತರುವ ಮುನ್ನ, ಈಗಾಗಲೇ ಅಧಿಕಾರಿಗಳು ತೀರ್ಮಾನಿಸಿರುವ ಹಳೆಯ ಅರ್ಜಿಗಳ ಮೇಲೆ ಅದನ್ನು ಓಡಿಸಿ ನೋಡಬೇಕು. ಎಲ್ಲಿ ಯಂತ್ರಕ್ಕೂ ಅಧಿಕಾರಿಗೂ ಭಿನ್ನಾಭಿಪ್ರಾಯವಿದೆಯೋ ಅಲ್ಲಿ ಪಾಠವಿದೆ. ಬ್ಯಾಂಕುಗಳಲ್ಲಿ ಒಬ್ಬರು ಚೀಟಿ ಬರೆದರೆ ಇನ್ನೊಬ್ಬರು ಪರಿಶೀಲಿಸುವ ಪದ್ಧತಿ ಹಳೆಯದು. ಪಾಸು ಅಂಕವನ್ನು ಬದಲಿಸುವಾಗಲೂ ಇದೇ ಶಿಸ್ತು ಬೇಕು. ಯಾರು, ಯಾವಾಗ, ಏಕೆ ಬದಲಿಸಿದರೆಂಬುದು ದಾಖಲೆಯಲ್ಲಿ ಉಳಿಯಬೇಕು. ಯಂತ್ರ ಒಪ್ಪಿದ ಅರ್ಜಿಗಳಲ್ಲಿ ಕೆಲವನ್ನು ಆಗಿಂದಾಗ್ಗೆ ಎತ್ತಿಕೊಂಡು ಮನುಷ್ಯರು ನೋಡಬೇಕು. ತಡೆಹಿಡಿದವರ ಪಟ್ಟಿಯನ್ನೂ ಹೆಂಗಸರೆಷ್ಟು, ವೃದ್ಧರೆಷ್ಟು, ಯಾವ ಜಿಲ್ಲೆಯವರೆಷ್ಟು ಎಂದು ವಿಂಗಡಿಸಿ ನೋಡಬೇಕು. ಒಂದೇ ಕಡೆಯವರು ಮತ್ತೆ ಮತ್ತೆ ನಿಲ್ಲುತ್ತಿದ್ದರೆ ದೋಷ ಅವರ ದಾಖಲೆಯಲ್ಲಿಲ್ಲ, ಜರಡಿಯಲ್ಲಿದೆ. ಕರ್ನಾಟಕದ ಅರ್ಜಿಗಳನ್ನು ನೋಡುವ ಮೇಜಿನಲ್ಲಿ ಕನ್ನಡದ ಹೆಸರುಗಳ ಜಾಯಮಾನ ಬಲ್ಲವರೊಬ್ಬರು ಇದ್ದರೆ ಎಷ್ಟೋ ಗಂಟುಗಳು ಅಲ್ಲೇ ಬಿಡಿಸಿಕೊಳ್ಳುತ್ತವೆ.

ಗ್ರಾಹಕರು ಏನು ಮಾಡಬಹುದು?

ಆಧಾರ್ ಮತ್ತು ಪ್ಯಾನ್ ಎರಡರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ರೀತಿ ಇದೆಯೇ ಎಂದು ಮೊದಲು ನೋಡಿಕೊಳ್ಳುವುದು ಲೇಸು. ಆಧಾರ್‌ನಲ್ಲಿ ಹೆಸರು ತಿದ್ದಲು ಎರಡು ಬಾರಿ ಮಾತ್ರ ಅವಕಾಶವಿರುವುದರಿಂದ ಆತುರದ ತಿದ್ದುಪಡಿ ಬೇಡ. ಯಾವ ರೂಪವನ್ನು ಬದುಕಿನುದ್ದಕ್ಕೂ ಉಳಿಸಿಕೊಳ್ಳುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿ.

ಅರ್ಜಿ ತಿರಸ್ಕೃತವಾದರೆ ಸುಮ್ಮನಾಗಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ. ಅದು ಅಧಿಕಾರಿಯಿಂದ ದಾಖಲಾಗಿರಲೇಬೇಕು. ಮೊಬೈಲಿನಲ್ಲಿ ಆಗದಿದ್ದರೆ ಶಾಖೆಗೆ ಹೋಗಿ ಅಸಲಿ ದಾಖಲೆ ತೋರಿಸುವ ದಾರಿ ತೆರೆದೇ ಇರುತ್ತದೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಶುಲ್ಕವಿಲ್ಲದೆ ಹೋಗಬಹುದು. ಮಾಹಿತಿಗೆ 14448 ಸಂಖ್ಯೆಯಿದೆ. ಷೇರು ದಲ್ಲಾಳಿಗಳ ವಿಚಾರದಲ್ಲಿ ಸೆಬಿಯ ‘ಸ್ಕೋರ್ಸ್’ ದೂರು ವ್ಯವಸ್ಥೆಯಿದೆ. ‘ನಿಮ್ಮ ಕೆವೈಸಿ ಅವಧಿ ಮುಗಿದಿದೆ, ಈ ಲಿಂಕ್ ಒತ್ತಿ’ ಎಂದು ಬರುವ ಸಂದೇಶಗಳನ್ನು ಮಾತ್ರ ಮುಟ್ಟಬೇಡಿ. ಮೋಸಹೋದದ್ದು ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಿ.

ಗೊಟ್ಟಿಗೆರೆಯ ಆ ಗೃಹಿಣಿಗೆ ಮರಳೋಣ. ಅವರು ಖಾತೆ ತೆರೆಯಲು ಹೊರಟದ್ದು ಶೋಕಿಗಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ ಸಿಗುವ 2,000 ರೂಪಾಯಿಯಾಗಲಿ, ಮನೆಗೆಲಸದ ಸಂಬಳವಾಗಲಿ, ಸ್ವಸಹಾಯ ಸಂಘದ ಸಾಲವಾಗಲಿ ಇಂದು ಬಂದು ಸೇರುವುದು ಬ್ಯಾಂಕ್ ಖಾತೆಗೆ. ಹೆಸರಿನ ಮೂರಕ್ಷರದ ವ್ಯತ್ಯಾಸಕ್ಕೆ ಆ ಬಾಗಿಲು ಮುಚ್ಚಿಕೊಂಡರೆ ಅದನ್ನು ಯಂತ್ರದ ದೋಷವೆಂದು ಹೇಳಿ ಕೈತೊಳೆದುಕೊಳ್ಳಲಾಗದು. ನಿಯಮ ಬರೆದವರು ಮನುಷ್ಯರೇ. ಕಾರಣ ಹೇಳಬೇಕಾದವರೂ, ತಪ್ಪಾಗಿದ್ದರೆ ತಿದ್ದಬೇಕಾದವರೂ ಅವರೇ.